ಡೇಟಮ್ ಬದಲಾಯಿಸಿದೆ, ಅಂಕಿ ಬದಲಾಗಲೇ ಇಲ್ಲ

ನನ್ನ ಕೈಗೆ ಬಂದಿದ್ದು ಒಂದು ಹಳೆಯ ಸಿಎಸ್‌ವಿ ಫೈಲ್. ಅಮೆರಿಕದ ಪಶ್ಚಿಮ ಭಾಗದ ಕೊಳವೆಬಾವಿಗಳ ಅಕ್ಷಾಂಶ, ರೇಖಾಂಶ, ಎಲ್ಲಾ ಎನ್‌ಎಡಿ 27 ಅನ್ನೋ ಹಳೆಯ ಡೇಟಮ್‌ನಲ್ಲಿ. ಡೇಟಮ್ ಅಂದ್ರೆ ಅಕ್ಷಾಂಶ, ರೇಖಾಂಶ ಅಳೆಯೋಕೆ ಇಟ್ಟುಕೊಂಡ ಆಧಾರ. ಬಾವಿಗಳನ್ನು ಹೊಸ ಡೇಟಮ್ ಎನ್‌ಎಡಿ 83ರ ಯುಟಿಎಂ ವಲಯ 10ಕ್ಕೆ, ಅಂದ್ರೆ ಭೂಮಿಯನ್ನು ವಲಯಗಳಾಗಿ ಹಂಚಿ ಅಳೆಯುವ ಮೀಟರ್ ಲೆಕ್ಕಕ್ಕೆ ತರಬೇಕಿತ್ತು. ಪೈಥಾನ್‌ನಲ್ಲಿ ಇದನ್ನೇ ಮಾಡುವ ಪೈಪ್ರಾಜ್ ಲೈಬ್ರರಿ ಇದೆಯಲ್ಲ, ನಾಲ್ಕು ಸಾಲಿನ ಕೆಲಸ ಅಂದುಕೊಂಡು ಕೂತೆ.

ಮೊದಲ ಸಲ ಎಲ್ಲಾ ಸಾಲಿಗೂ ಬರೀ ‘ಇನ್ಫ್’ ಬಂತು, ಅಂದ್ರೆ ಅನಂತ, ಲೆಕ್ಕ ಆಗಲೇ ಇಲ್ಲ. ನಾನು ರೇಖಾಂಶ ಮೊದಲು ಕೊಟ್ಟಿದ್ದೆ. ಪೈಪ್ರಾಜ್ ಒಳಗೆ ಲೆಕ್ಕ ಮಾಡುವ ಸಾಫ್ಟ್‌ವೇರ್ ಪ್ರಾಜ್. 2019ರಲ್ಲಿ ಬಂದ ಪ್ರಾಜ್ 6ರಿಂದ ಈಚೆಗೆ, ಇಂಥ ಪದ್ಧತಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಇಪಿಎಸ್‌ಜಿ ಪಟ್ಟಿಯಲ್ಲಿ ಯಾವ ಕ್ರಮ ಇದೆಯೋ ಅದೇ ನಡೆಯುತ್ತದೆ, 4267ಕ್ಕೆ, ಅಂದ್ರೆ ಎನ್‌ಎಡಿ 27ಕ್ಕೆ, ಅಕ್ಷಾಂಶವೇ ಮೊದಲು. ಮೈನಸ್ 121 ಅನ್ನೋ ಅಕ್ಷಾಂಶ ಭೂಮಿ ಮೇಲೆ ಎಲ್ಲಿದೆ ಹೇಳಿ! ರೇಖಾಂಶವನ್ನೇ ಮೊದಲು ತೆಗೆದುಕೊಳ್ಳುವ ‘ಆಲ್ವೇಸ್ ಎಕ್ಸ್‌ವೈ’ ಆಯ್ಕೆ ಹಾಕಿದೆ, ಸರಿಹೋಯ್ತು.

ನಿಜವಾದ ತಪ್ಪು ಸದ್ದಿಲ್ಲದೆ ಕೂತಿತ್ತು. ಉಪಗ್ರಹ ಚಿತ್ರದ ಮೇಲೆ ಹಾಕಿದರೆ ಬಹುತೇಕ ಬಾವಿಗಳು ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ 90 ಮೀಟರ್ ಸರಿದಿದ್ದವು. ಕೋಡ್ ಮತ್ತೆ ಮತ್ತೆ ಓದಿದೆ, ಏನೂ ಸಿಗಲಿಲ್ಲ. ಕೊನೆಗೆ ಯುಟಿಎಂ ಬಿಟ್ಟು ಒಂದೇ ಬಿಂದುವನ್ನು 4267ರಿಂದ 4269ಕ್ಕೆ, ಅಂದ್ರೆ ಎನ್‌ಎಡಿ 83ಕ್ಕೆ, ಬದಲಾಯಿಸಿ ನೋಡಿದರೆ ಒಳಗೆ ಹೋದ ಅಂಕಿಯೇ ಹೊರಗೆ ಬಂತು, ದಶಾಂಶದ ಕೊನೆಯ ಸ್ಥಾನದವರೆಗೂ ಅದೇ!

ಯಾವ ದಾರಿಯಲ್ಲಿ ಬದಲಾಯಿಸುತ್ತದೆ ಅಂತ ತೋರಿಸುವ ಪ್ರಾಜ್‌ಇನ್ಫೋ ಕಮಾಂಡ್‌ಗೆ ಕೇಳಿದಾಗ ಗುಟ್ಟು ಗೊತ್ತಾಯ್ತು: ‘ಬಾಲ್‌ಪಾರ್ಕ್’, ಅಂದ್ರೆ ಬರೀ ಅಂದಾಜು. ಎನ್‌ಎಡಿ 27 ‘ಕ್ಲಾರ್ಕ್ 1866’ ಅನ್ನೋ ದೀರ್ಘಗೋಳದ, ಅಂದ್ರೆ ಭೂಮಿಯ ಆಕಾರದ ಹಳೆಯ ಮಾದರಿಯ, ಮೇಲೆ ನಿಂತಿದೆ, ಅದರ ಹಿಂದಿನ ಹಳೆಯ ಸರ್ವೆಯ ತಪ್ಪುಗಳು ಊರಿಂದ ಊರಿಗೆ ಬೇರೆ ಬೇರೆ, ಹಾಗಾಗಿ ಒಂದು ಸೂತ್ರದಲ್ಲಿ ಹಿಡಿಯೋಕಾಗಲ್ಲ, ಎಲ್ಲಿ ಎಷ್ಟು ಸರಿಸಬೇಕು ಅನ್ನೋ ಗ್ರಿಡ್ ಫೈಲೇ ಬೇಕು. ಆ ಫೈಲ್ ನನ್ನ ಕಂಪ್ಯೂಟರ್‌ನಲ್ಲಿ ಇರಲಿಲ್ಲ. ಇಲ್ಲ ಅಂತ ಸಾಫ್ಟ್‌ವೇರ್ ಬಾಯಿಬಿಡಲೂ ಇಲ್ಲ, ಡೇಟಮ್ ಒಂದೇ ಅಂದುಕೊಂಡು ಮುಂದೆ ಹೋಗಿತ್ತು. ಇದು ನನಗೆ ಈಗಲೂ ಸರಿ ಅನಿಸಲ್ಲ.

‘ಪ್ರಾಜ್ ನೆಟ್‌ವರ್ಕ್’ ಆನ್ ಮಾಡಿದೆ, ಬೇಕಾದ ಗ್ರಿಡ್ ಇಂಟರ್‌ನೆಟ್‌ನಿಂದ ತಾನೇ ಎಳೆದುಕೊಂಡಿತು. ಜೊತೆಗೆ ‘ಓನ್ಲಿ ಬೆಸ್ಟ್’ ಆಯ್ಕೆಯನ್ನೂ ಹಾಕಿದೆ. ಒಳ್ಳೆಯ ದಾರಿ ಸಿಗದಿದ್ದರೆ ಈಗ ಅದು ಎರರ್ ಕೊಡುತ್ತದೆ, ಸುಮ್ನೆ ಅಂದಾಜು ಹೊಡೆಯಲ್ಲ. ಇದಕ್ಕೆ ಪೈಪ್ರಾಜ್ 3.5 ಅಥವಾ ಅದಕ್ಕಿಂತ ಹೊಸದು ಬೇಕು.

ಮತ್ತೆ ಓಡಿಸಿದೆ. ಬಾವಿಗಳು ತಮ್ಮ ಜಾಗಕ್ಕೆ ಬಂದು ಕೂತವು, ಐದು ಬಿಟ್ಟು. ಆ ಐದು ಈಗ ಎದುರು ದಿಕ್ಕಿಗೆ ಅಷ್ಟೇ ದೂರ ಹೋಗಿದ್ದವು. ಅವನ್ನು ಯಾರೋ ಮೊದಲೇ ಎನ್‌ಎಡಿ 83ಕ್ಕೆ ಬದಲಾಯಿಸಿಟ್ಟು, ಡೇಟಮ್ ಕಾಲಮ್‌ನಲ್ಲಿ ಮಾತ್ರ 27 ಅಂತ ಹಾಗೇ ಬಿಟ್ಟಿದ್ದರು.