ಬಚ್ಚಲ ಗೋಡೆಗೆ ವಾರ್ಡ್‌ರೋಬ್ ಒತ್ತಿಕೊಂಡಿದ್ದರೆ ಒಮ್ಮೆ ಕೈಯಾಡಿಸಿ ನೋಡಿ

ಪೈಪು ಸೋರಿತು, ಪ್ಲಂಬರ್ ಬಂದು ಸರಿ ಮಾಡಿದ, ನೆಲ ಒರೆಸಿದ್ದೂ ಆಯಿತು. ಅಲ್ಲಿಗೆ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ನೆಲವೇನೋ ಸಂಜೆಗೆ ಒಣಗುತ್ತದೆ. ಆದರೆ ಗಾರೆ, ಇಟ್ಟಿಗೆ ನೀರು ಕುಡಿದುಕೊಂಡು ವಾರಗಟ್ಟಲೆ ಕೂತಿರುತ್ತವೆ. ಪ್ಲೈವುಡ್, ರಟ್ಟು, ಬಟ್ಟೆ ಒದ್ದೆಯಾಗಿ ಹಾಗೇ ಉಳಿದರೆ 24ರಿಂದ 48 ಗಂಟೆಯೊಳಗೆ ಬೂಷ್ಟು ಹಿಡಿಯಲು ಶುರುವಾಗಬಹುದು. ಗೋಡೆಯ ಮೇಲೆ ನಮ್ಮ ಕಣ್ಣಿಗೆ ಕಪ್ಪು ಚುಕ್ಕೆ ಕಾಣುವ ಹೊತ್ತಿಗೆ ಅದು ಹಿಂದೆ ಎಲ್ಲೋ ಸಂಸಾರ ಹೂಡಿ ಆಗಿರುತ್ತದೆ.

ಮೊದಲು ಮೂಗನ್ನು ನಂಬಿ. ಮನೆಯೊಳಗೇ ಇರುವವರಿಗೆ ಮುಗ್ಗಲು ವಾಸನೆ ಗೊತ್ತಾಗುವುದಿಲ್ಲ, ಮೂಗು ಒಗ್ಗಿಹೋಗಿರುತ್ತದೆ. ಅದಕ್ಕೇ ಊರಿಂದ ಬಂದ ನೆಂಟರು "ಏನೋ ವಾಸನೆ ಬರ್ತಿದೆ" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಯಾವ ಕೋಣೆಯಲ್ಲಿ ಅಂತ ಕೇಳಿ.

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ನಾನು ಮೊದಲು ನೋಡುವ ಜಾಗ ಒಂದೇ. ಮಲಗುವ ಕೋಣೆಯ ವಾರ್ಡ್‌ರೋಬ್, ಅದರ ಬೆನ್ನಿಗೆ ಬಚ್ಚಲುಮನೆ. ಗೋಡೆಗೆ ಅಂಟಿಸಿ ಕೂರಿಸಿದ ಪ್ಲೈವುಡ್ ಹಿಂದೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಕೆಳಗಿನ ಡ್ರಾಯರ್ ಪೂರ್ತಿ ಹೊರಗೆಳೆದು, ಹಿಂದಿನ ಹಲಗೆಗೆ ಅಂಗೈ ಇಟ್ಟು ನೋಡಿ. ಬೇರೆ ಕಡೆಗಿಂತ ತಣ್ಣಗಿದ್ದರೆ, ಬೆರಳಿನಿಂದ ಒತ್ತಿದಾಗ ಮೆತ್ತಗೆ ಕುಸಿದರೆ, ಅಂಚು ಪದರ ಪದರವಾಗಿ ಬಿಟ್ಟುಕೊಂಡಿದ್ದರೆ ಇನ್ನೇನೂ ಕೇಳಬೇಕಿಲ್ಲ. ಆಮೇಲೆ ಲೈಟು ಆರಿಸಿ ಟಾರ್ಚನ್ನು ಗೋಡೆಗೆ ಒತ್ತಿ ಅಡ್ಡಲಾಗಿ ಬೆಳಕು ಬಿಡಿ. ನೇರ ಬೆಳಕಿನಲ್ಲಿ ಸಪಾಟಾಗಿ ಕಂಡ ಬಣ್ಣ ಎಲ್ಲೆಲ್ಲಿ ಉಬ್ಬಿದೆ ಅಂತ ಆಗ ಎದ್ದು ಕಾಣುತ್ತದೆ. ಸಿಂಕಿನ ಕೆಳಗಿನ ಕಪಾಟು, ವಾಷಿಂಗ್ ಮೆಷಿನ್ ಹಿಂದೆ, ಮೇಲಿನ ಮನೆಯ ಬಚ್ಚಲಿನ ಕೆಳಗೆ ಬರುವ ಸಜ್ಜ, ಫಾಲ್ಸ್ ಸೀಲಿಂಗ್‌ನ ಮೂಲೆ, ಇವನ್ನೂ ಒಂದು ಸುತ್ತು ನೋಡಿಬಿಡಿ.

ಗೋಡೆಯ ಮೇಲೆ ಬೆಳ್ಳಗೆ ಹಿಟ್ಟು ಹಿಟ್ಟಾಗಿ ಇರುವುದೆಲ್ಲ ಬೂಷ್ಟಲ್ಲ. ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಕರಗಿಹೋದರೆ ಸಾಮಾನ್ಯವಾಗಿ ಅದು ಗೋಡೆ ಬಿಟ್ಟ ಉಪ್ಪು. ಕರಗದೆ ಒದ್ದೆಯಾಗಿ ಅಂಟಿಕೊಂಡರೆ ಬೂಷ್ಟು ಅನ್ನಿ. ಉಪ್ಪು ಅಂತ ಗೊತ್ತಾದರೂ ಸಮಾಧಾನ ಬೇಡ, ಗೋಡೆಯೊಳಗೆ ನೀರು ಓಡಾಡುತ್ತಿದೆ ಅಂತಲೇ ಅರ್ಥ ಅಲ್ವಾ?

ಸೋರಿಕೆ ನಿಜವಾಗಿ ನಿಂತಿದೆಯಾ ಅನ್ನುವುದೇ ಮುಖ್ಯ ಪ್ರಶ್ನೆ. ನಲ್ಲಿಗಳನ್ನೆಲ್ಲ ಮುಚ್ಚಿ ನೀರಿನ ಮೀಟರ್ ನೋಡಿ. ಯಾರೂ ನೀರು ಬಳಸದೆ, ಟ್ಯಾಂಕಿಗೂ ತುಂಬದೆ ಇರುವಾಗ ಮುಳ್ಳು ತಿರುಗುತ್ತಿದ್ದರೆ ಎಲ್ಲೋ ಇನ್ನೂ ಸೋರುತ್ತಿದೆ. ಟ್ಯಾಂಕಿನ ನೀರಾದರೆ ರಾತ್ರಿ ಮಟ್ಟ ಗುರುತು ಮಾಡಿ ಬೆಳಿಗ್ಗೆ ಹೋಲಿಸಿ. ಇನ್ನೊಂದು ಸುಲಭದ ಪರೀಕ್ಷೆ ಇದೆ. ಒಂದೆರಡು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಅನುಮಾನದ ಜಾಗಕ್ಕೆ ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ.

ಈಗ ತೆಗೆಯುವ ಮಾತು. ಸುಮಾರು ಮೂರಡಿಗೆ ಮೂರಡಿಯಷ್ಟು ಜಾಗವಾದರೆ ನೀವೇ ಮಾಡಿಕೊಳ್ಳಬಹುದು. ಅದಕ್ಕಿಂತ ದೊಡ್ಡದಾಗಿದ್ದರೆ, ಇಲ್ಲವೇ ಸೋರಿದ್ದು ಕಕ್ಕಸಿನ ಪೈಪಾಗಿದ್ದರೆ ಕೆಲಸ ಗೊತ್ತಿರುವವರನ್ನು ಕರೆಸಿ. ಆಸ್ತಮಾ ಇರುವವರು, ಮಕ್ಕಳು ಆ ಕೋಣೆಯ ಕಡೆ ಸುಳಿಯಬಾರದು. ಉಪ್ಪಿನಕಾಯಿ ಮೇಲಿನ ಬೂಷ್ಟು ಕೆರೆದು ಹಾಕಿ ಊಟ ಮಾಡಿದ ತಲೆಮಾರು ನಮ್ಮದು, ಆದರೂ ಈ ಪುಡಿ ಎದೆಯೊಳಗೆ ಹೋಗುವುದು ಬೇಡ. ಎನ್-95 ಮಾಸ್ಕ್, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಫ್ಯಾನು, ಎಸಿ ಆರಿಸಿ, ಕಿಟಕಿ ತೆಗೆಯಿರಿ. ಒಣ ಪೊರಕೆಯಲ್ಲಿ ಗುಡಿಸಲೇಬೇಡಿ, ಬೂಷ್ಟು ಮನೆಯೆಲ್ಲ ಹಾರಾಡುತ್ತದೆ. ಮೊದಲು ನೀರು ಚಿಮುಕಿಸಿ, ಆಮೇಲೆ ಸೋಪಿನ ನೀರಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಒರೆಸಿದ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ.

ಬ್ಲೀಚ್ ಹಾಕಿದರೆ ಎಲ್ಲ ಸತ್ತುಹೋಗುತ್ತೆ ಅನ್ನುವವರು ಸಿಗುತ್ತಾರೆ. ಸತ್ತ ಬೂಷ್ಟೂ ಸೀನು ಬರಿಸುತ್ತದೆ, ಉಜ್ಜಿ ತೆಗೆಯುವುದೇ ಕೆಲಸ. ಟೈಲ್ಸ್, ಗಾಜಿನಂಥ ನುಣುಪು ಜಾಗಕ್ಕೆ ಬೇಕಿದ್ದರೆ ನಾಲ್ಕು ಲೀಟರ್ ನೀರಿಗೆ ಒಂದು ಲೋಟಕ್ಕಿಂತ ಜಾಸ್ತಿಯಾಗದಂತೆ ಬ್ಲೀಚ್ ಬೆರೆಸಿ ಬಳಸಿ. ಆದರೆ ಬಚ್ಚಲು ತೊಳೆಯುವ ಆ್ಯಸಿಡ್ಡನ್ನಾಗಲಿ, ವಿನಿಗರನ್ನಾಗಲಿ, ಅಮೋನಿಯಾ ಇರುವ ಕ್ಲೀನರನ್ನಾಗಲಿ ಅದರ ಜೊತೆ ಸೇರಿಸಬೇಡಿ. ಎದ್ದೇಳುವುದು ವಿಷದ ಗಾಳಿ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಒಳಗೆ ಬೂಷ್ಟು ಇಳಿದ ಪ್ಲೈವುಡ್, ಜಿಪ್ಸಮ್ ಹಲಗೆ, ಹತ್ತಿ ಹಾಸಿಗೆ ಉಳಿಸಿಕೊಳ್ಳುವ ಆಸೆ ಬಿಡಿ. ಬಟ್ಟೆ ಒಗೆದು ಬಿಸಿಲಿಗೆ ಹಾಕಿ. ರೇಷ್ಮೆ ಸೀರೆಯನ್ನು ಮಾತ್ರ ನೆರಳಲ್ಲಿ ಗಾಳಿಗೆ ಹರವಿ, ಆಮೇಲೆ ಡ್ರೈ ಕ್ಲೀನಿಂಗಿಗೆ ಕೊಡಿ.

ಕೊನೆಗೆ ಒಣಗಿಸುವುದು. ಇಲ್ಲೇ ನಮ್ಮವರು ಆತುರ ಪಡುತ್ತಾರೆ. ಹಬ್ಬ ಬಂತು, ಪುಟ್ಟಿ ಬಳಿದು ಬಣ್ಣ ಹೊಡೆಸಿಬಿಡೋಣ ಅಂತ. ಪೇಂಟರ್ ಬೇಡ ಅನ್ನುವುದಿಲ್ಲ, ಅವನಿಗೇನು, ಮುಂದಿನ ವರ್ಷ ಮತ್ತೆ ಕೆಲಸ. ಉಬ್ಬಿದ ಪುಟ್ಟಿ ಕೆರೆದು ತೆಗೆದು, ಫ್ಯಾನು ಗೋಡೆಯ ಕಡೆ ತಿರುಗಿಸಿಡಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲವಿಡೀ ಕಿಟಕಿ ತೆರೆದಿಟ್ಟರೆ ತೇವ ಒಳಗೇ ಬರುತ್ತದೆ. ಹೊಳವಾದಾಗ ತೆರೆಯಿರಿ, ಮತ್ತೆ ಮುಚ್ಚಿ. ಗಾಳಿಯ ತೇವ ತೋರಿಸುವ ಸಣ್ಣ ಮೀಟರ್ ಅಂಗಡಿಯಲ್ಲಿ ಸಿಗುತ್ತದೆ, ಅದು ಶೇ. 60ಕ್ಕಿಂತ ಕೆಳಗಿರಲಿ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮತ್ತೊಮ್ಮೆ ಮಾಡಿ, ಒಳಮೈ ಒಣಗಿದ್ದರೆ ಮಾತ್ರ ಪೇಂಟರಿಗೆ ಫೋನ್ ಮಾಡಿ. ಹೊಸ ವಾರ್ಡ್‌ರೋಬ್ ಮಾಡಿಸುವುದಾದರೆ ಬಡಗಿಗೆ ಮೊದಲೇ ಹೇಳಿ, ಗೋಡೆಗೂ ಹಲಗೆಗೂ ನಡುವೆ ಎರಡು ಬೆರಳು ಜಾಗ ಬಿಡಲಿ.