ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ: ಯಾವ ಸರ್ಕಾರ, ಯಾವ ಹಕ್ಕು

ಇಲ್ಲಿಗೆ ಬಂದ ಮೊದಲ ವಾರದಲ್ಲೇ ಎರಡು ಸರ್ಕಾರಗಳ ಜೊತೆ ನಿಮ್ಮ ವ್ಯವಹಾರ ಶುರುವಾಗುತ್ತದೆ. ವೀಸಾ, ಕೆಲಸಕ್ಕೂ ತೆರಿಗೆಗೂ ಬೇಕಾದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಒಕ್ಕೂಟ ಸರ್ಕಾರದ ಪಾಲು. ಚಾಲನಾ ಪರವಾನಗಿ, ಮಕ್ಕಳ ಶಾಲೆ, ಮನೆ ಬಾಡಿಗೆಯ ನಿಯಮಗಳು ಬಹುಪಾಲು ರಾಜ್ಯಕ್ಕೆ ಸೇರಿದವು. ಭಾರತದಲ್ಲಿ ಸಂವಿಧಾನದ ಕೇಂದ್ರ, ರಾಜ್ಯ, ಸಮವರ್ತಿ ಎಂಬ ಯಾವ ಪಟ್ಟಿಗೂ ಸೇರದ ವಿಷಯ ಕೇಂದ್ರದ ಕೈಗೆ ಹೋಗುತ್ತದೆ. ಇಲ್ಲಿ ತಿರುವುಮುರುವು: ಒಕ್ಕೂಟಕ್ಕೆ ಕೊಡದೆ, ರಾಜ್ಯಗಳಿಗೆ ನಿಷೇಧಿಸದೆ ಉಳಿದ ಅಧಿಕಾರವೆಲ್ಲ ರಾಜ್ಯಗಳಿಗೆ ಅಥವಾ ಜನರಿಗೆ ಎನ್ನುತ್ತದೆ ಅಮೆರಿಕ ಸಂವಿಧಾನದ 1791ರ ಹತ್ತನೇ ತಿದ್ದುಪಡಿ. ಆದ್ದರಿಂದಲೇ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಆದಾಯ ತೆರಿಗೆ ಇದೆ, ಟೆಕ್ಸಸ್‌ನಲ್ಲಿ ಇಲ್ಲ. ಬೇರೆ ರಾಜ್ಯದ ಗೆಳೆಯರು ಹೇಳಿದ ನಿಯಮವನ್ನು ನಂಬಿ ಕೂರಬೇಡಿ.

ಪರವಾನಗಿ ಕಚೇರಿಯಲ್ಲಿ ಒಂದು ಕಡೆ ಮೈಯೆಲ್ಲ ಕಣ್ಣಾಗಿರಬೇಕು. 1993ರ ಒಂದು ಕಾಯ್ದೆಯಿಂದಾಗಿ ಬಹುತೇಕ ರಾಜ್ಯಗಳಲ್ಲಿ ಪರವಾನಗಿಯ ಅರ್ಜಿಯೊಡನೆಯೇ ಮತದಾರರ ನೋಂದಣಿಯೂ ನಡೆಯುತ್ತದೆ. ನೋಂದಾಯಿಸಿಕೊಳ್ಳುತ್ತೀರಾ ಎಂಬ ಪ್ರಶ್ನೆಗೆ ಎಚ್-1ಬಿ ವೀಸಾದವರಷ್ಟೇ ಅಲ್ಲ, ಗ್ರೀನ್ ಕಾರ್ಡ್ ಇರುವವರೂ ‘ಇಲ್ಲ’ ಎಂದೇ ಗುರುತು ಹಾಕಬೇಕು. ಅಮೆರಿಕದ ಪ್ರಜೆಯೆಂದು ತಪ್ಪು ಘೋಷಣೆಗೆ ಸಹಿ ಮಾಡಿದರೆ ಮುಂದೆ ಪೌರತ್ವ ಕೈತಪ್ಪಬಹುದು, ಗಡೀಪಾರೂ ಆಗಬಹುದು. ಸರತಿಯಲ್ಲಿ ಹಿಂದೆ ನಿಂತವರು ಗೊಣಗಿದರೆ ಗೊಣಗಲಿ, ಪೂರ್ತಿ ಓದಿ ಸಹಿ ಮಾಡಿ.

ಮತ ಹಾಕುವಂತಿಲ್ಲ ಎಂದ ಮಾತ್ರಕ್ಕೆ ತಮಗೆ ಯಾವ ಹಕ್ಕೂ ಇಲ್ಲವೆಂದು ಕುಗ್ಗಿ ಬದುಕುವ ನಮ್ಮವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. 1868ರ ಹದಿನಾಲ್ಕನೇ ತಿದ್ದುಪಡಿ ಕಾನೂನಿನ ಸಮಾನ ರಕ್ಷಣೆಯನ್ನು ಪ್ರಜೆಗಳಿಗಷ್ಟೇ ಮೀಸಲಿಡದೆ, ರಾಜ್ಯದ ವ್ಯಾಪ್ತಿಯೊಳಗಿರುವ ಪ್ರತಿಯೊಬ್ಬ ವ್ಯಕ್ತಿಗೂ ಕೊಟ್ಟಿದೆ. ಇದು ಗಟ್ಟಿಯಾದದ್ದು ಬಟ್ಟೆ ಒಗೆಯುವ ಅಂಗಡಿಯವರ ಹೋರಾಟದಿಂದ. ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ಅನುಮತಿ ಬೇಕೆಂದು ಸ್ಯಾನ್ ಫ್ರಾನ್ಸಿಸ್ಕೊ ನಗರ ನಿಯಮ ಮಾಡಿತು. ಬರೆದ ನಿಯಮ ಎಲ್ಲರಿಗೂ ಒಂದೇ. ಆದರೆ ಚೀನೀಯರು ಅರ್ಜಿ ಹಾಕಿದರೆ ನಿರಾಕರಣೆ, ಉಳಿದವರಿಗೆ ಹೆಚ್ಚುಕಡಿಮೆ ಎಲ್ಲರಿಗೂ ಅನುಮತಿ. 1886ರ ಯಿಕ್ ವೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತಾರತಮ್ಯ ಸಂವಿಧಾನಬಾಹಿರ ಎಂದಿತು. ಅರ್ಜಿದಾರರು ಅಮೆರಿಕದ ಪ್ರಜೆಗಳಾಗಿರಲಿಲ್ಲ, ಆಗಿನ ಕಾನೂನಿನಲ್ಲಿ ಆಗುವಂತೆಯೂ ಇರಲಿಲ್ಲ.

ಪೊಲೀಸರು ಕಾರು ನಿಲ್ಲಿಸಿದಾಗಲೂ ಸಂವಿಧಾನ ನಿಮ್ಮ ಜೊತೆಗಿದೆ. ಊರಿನ ಅಭ್ಯಾಸದಂತೆ ಇಳಿದು ಅವರ ಬಳಿ ಹೋಗಬೇಡಿ. ಕೈಗಳನ್ನು ಸ್ಟೀರಿಂಗ್ ಮೇಲೆ ಕಾಣುವಂತೆ ಇಟ್ಟು ಕುಳಿತಿರಿ, ಕೇಳಿದಾಗ ಪರವಾನಗಿ ತೋರಿಸಿ. ಕಾರು ಶೋಧಿಸಲು ಒಪ್ಪಿಗೆ ಕೇಳಿದರೆ, ಒಪ್ಪಿಗೆಯಿಲ್ಲ ಎಂದು ಸೌಜನ್ಯದಿಂದ ಹೇಳಬಹುದು. ಸಕಾರಣವಿಲ್ಲದ ಶೋಧವನ್ನು ತಡೆಯುವ ನಾಲ್ಕನೇ ತಿದ್ದುಪಡಿ ಅದಕ್ಕೆ ಬೆನ್ನೆಲುಬು. ಆದರೂ ಶೋಧಿಸಿದರೆ ಅಡ್ಡ ನಿಲ್ಲಬೇಡಿ, ವಾದ ನ್ಯಾಯಾಲಯದಲ್ಲಿ ಆಗಲಿ. ಹದಿನೆಂಟು ದಾಟಿದ ವಿದೇಶಿಯರು ವಿದೇಶಿಯರಾಗಿ ನೋಂದಾಯಿಸಿಕೊಂಡ ದಾಖಲೆಯನ್ನು (ಗ್ರೀನ್ ಕಾರ್ಡ್ ಅಥವಾ ದೇಶ ಪ್ರವೇಶದ ಐ-94 ಪತ್ರದಂಥದ್ದು) ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂಬ ಒಕ್ಕೂಟದ ಕಾನೂನೂ ನೆನಪಿರಲಿ.

ಇನ್ನು ಜ್ಯೂರಿ ಸೇವೆಯ ಕರೆ, ಅಂದರೆ ಮೊಕದ್ದಮೆ ಕೇಳಿ ತೀರ್ಪು ಹೇಳುವ ಸಾಮಾನ್ಯ ಪ್ರಜೆಗಳ ಗುಂಪಿಗೆ ನ್ಯಾಯಾಲಯ ಕೊಡುವ ಕರೆ. ಪರವಾನಗಿದಾರರ ಪಟ್ಟಿಯಿಂದ ಹೆಸರು ಆರಿಸುವ ಕಡೆ ಪ್ರಜೆಗಳಲ್ಲದವರಿಗೂ ನ್ಯಾಯಾಲಯದ ಪತ್ರ ಬರುತ್ತದೆ. ಗಾಬರಿಯಾಗಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಪ್ರಜೆಯಲ್ಲ ಎಂಬ ಉತ್ತರಕ್ಕೆ ಗುರುತು ಹಾಕಿ, ಗಡುವಿನೊಳಗೆ ಹಿಂತಿರುಗಿಸಿ, ಒಂದು ಪ್ರತಿಯನ್ನು ನಿಮ್ಮ ವೀಸಾ ಕಡತದಲ್ಲಿ ಇಟ್ಟುಕೊಳ್ಳಿ.