ಟ್ರೇಕಿಯಾಸ್ಟಮಿ ಕೊಳವೆಯಿರುವ ಮಗುವಿಗೆ ಉಣಿಸುವ ಕ್ರಮ

ಕತ್ತಿನಲ್ಲಿ ಉಸಿರಾಟದ ಕೊಳವೆಯೊಂದಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಪುಟ್ಟ ಮಕ್ಕಳಿಗೆ ಉಣಿಸುವುದನ್ನು ಬೆಂಗಳೂರಿನ ಹಲವು ಮನೆಗಳಲ್ಲಿ ಕಂಡಿದ್ದೇನೆ. ಕಫ ತೆಗೆಯುವ ಸಕ್ಷನ್ ಕೆಲಸವನ್ನು ತಾಯಂದಿರು ಬೇಗ ಕಲಿತುಬಿಡುತ್ತಾರೆ. ಎಡವುವುದು ತುತ್ತು ಕೊಡುವಾಗ.

ಮೊದಲು ವಾಕ್ ಚಿಕಿತ್ಸಕರಿಂದ ನುಂಗುವಿಕೆಯ ಪರೀಕ್ಷೆ ಆಗಲೇಬೇಕು. ಆಹಾರಕ್ಕೆ ನೀಲಿ ಬಣ್ಣ ಬೆರೆಸಿ, ಕೊಳವೆಯಲ್ಲಿ ನೀಲಿ ಕಫ ಬರುತ್ತದೆಯೇ ಎಂದು ನೋಡುವ ವಿಧಾನವೊಂದನ್ನೇ ನೆಚ್ಚಬೇಡಿ. ಬಣ್ಣ ಕಾಣದಿದ್ದರೂ ಆಹಾರ ಶ್ವಾಸನಾಳಕ್ಕೆ ಇಳಿದಿರಬಹುದು.

ಸಕ್ಷನ್ ಊಟಕ್ಕೆ ಮುಂಚೆಯೇ ಮುಗಿದಿರಲಿ. ಉಂಡ ಕೂಡಲೇ ಮಾಡಿದರೆ ಕೆಮ್ಮಿನ ಜೊತೆ ವಾಂತಿಯೂ ಆಗಬಹುದು.

ಮುಂದಿನದು ಕೂರಿಸಿ ಉಣಿಸುವ ಹಂತ. ಮನೆಯ ಹಿರಿಯರು ರೂಢಿಯಂತೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಿಂದ ಹಾಲು ಹುಯ್ಯುತ್ತಾರೆ. ಈ ಮಗುವಿಗೆ ಒಳಲೆ ಬೇಡವೇ ಬೇಡ. ನುಂಗುವಾಗ ಧ್ವನಿಪೆಟ್ಟಿಗೆ ಮೇಲೆದ್ದು ಶ್ವಾಸದ ದಾರಿಯನ್ನು ಮುಚ್ಚಬೇಕು. ಕೊಳವೆ ಆ ಚಲನೆಗೆ ತಡೆಯಾಗಬಹುದು. ಉಸಿರು ಕೊಳವೆಯಿಂದಲೇ ಹೊರಹೋಗುವುದರಿಂದ ಗಂಟಲನ್ನು ತೆರವು ಮಾಡುವ ಕೆಮ್ಮಿಗೂ ಬಲವಿರುವುದಿಲ್ಲ. ಹಾಗಾಗಿ, ಕೆಮ್ಮಲಿಲ್ಲವೆಂದ ಮಾತ್ರಕ್ಕೆ ಮಗು ಸರಿಯಾಗಿ ನುಂಗಿತು ಎಂದುಕೊಳ್ಳುವಂತಿಲ್ಲ. ಚಿಕಿತ್ಸಕರು ಬೇರೆ ಭಂಗಿ ಹೇಳಿಲ್ಲದಿದ್ದರೆ, ಬೆನ್ನು ನೇರವಾಗಿ, ಪಾದಗಳಿಗೆ ಆಧಾರವಿರುವಂತೆ, ತಲೆ ಹಿಂದಕ್ಕೆ ವಾಲದಂತೆ ಕೂರಿಸಿ, ಅದರ ಕಣ್ಣಿನ ಮಟ್ಟದಲ್ಲಿ ನೀವೂ ಕುಳಿತು, ಅರ್ಧ ಚಮಚ ಕೊಟ್ಟು, ಬಾಯಿ ಖಾಲಿಯಾದದ್ದನ್ನು ಕಂಡ ಮೇಲೆಯೇ ಮುಂದಿನ ಚಮಚ ಎತ್ತಿರಿ. 30 ನಿಮಿಷಕ್ಕೆ ಊಟ ನಿಲ್ಲಿಸಿ.

ನನ್ನ ಆಯ್ಕೆ ಗಂಟಿಲ್ಲದ ರಾಗಿ ಸರಿ. ಎಷ್ಟು ಗಟ್ಟಿ ಎಂಬುದನ್ನು ಚಿಕಿತ್ಸಕರೇ ಹೇಳಲಿ. ತೆಳು ಸಾರಿನಲ್ಲಿ ಅಗುಳು ತೇಲುವ ಅನ್ನವನ್ನು ಕೊಡಬೇಡಿ, ನೀರು ಮತ್ತು ಅಗುಳನ್ನು ಒಟ್ಟಿಗೆ ನಿಭಾಯಿಸುವುದು ಇಂಥ ಮಗುವಿಗೆ ಕಷ್ಟ. ಹಾಲನ್ನು ಮಂದಗೊಳಿಸುವ ಪುಡಿಗಳನ್ನು ಅಂಗಡಿಯಿಂದ ತಂದು ನೀವಾಗಿ ಬೆರೆಸಬೇಡಿ. ಅವುಗಳಲ್ಲಿ ಕೆಲವು ಹಸುಗೂಸುಗಳ ಕರುಳಿಗೆ ಅಪಾಯಕಾರಿ. ಕತ್ತಿಗೆ ಹತ್ತಿಬಟ್ಟೆ ಕಟ್ಟಿ. ಪ್ಲಾಸ್ಟಿಕ್ ಹಾಳೆ ಕೊಳವೆಯ ಬಾಯಿಗೆ ಅಂಟಿದರೆ ಉಸಿರೇ ಕಟ್ಟುತ್ತದೆ.

ಕೊಳವೆಯಲ್ಲಿ ಹಾಲೋ ಸರಿಯೋ ಕಂಡರೆ ತಕ್ಷಣ ನಿಲ್ಲಿಸಿ, ಸಕ್ಷನ್ ಮಾಡಿ, ವೈದ್ಯರಿಗೆ ತಿಳಿಸಿ. ನೆತ್ತಿ ತಟ್ಟಿ ಸುಮ್ಮನಾಗುವುದು ಸಲ್ಲದು.

ಮಗು ಮುಖ ತಿರುಗಿಸಿದರೆ ಅದನ್ನು ಹಟವೆನ್ನಬೇಡಿ. ತಿಂಗಳುಗಟ್ಟಲೆ ಬಾಯಿ, ಮೂಗಿಗೆ ನಳಿಕೆಗಳ ನೋವನ್ನೇ ಉಂಡ ಮಗುವಿಗೆ ಚಮಚವೂ ಭಯ ಹುಟ್ಟಿಸುತ್ತದೆ. ಕೈಕಾಲು ಹಿಡಿದು ತುರುಕಿದರೆ ಆ ಭಯ ಬಲಿಯುತ್ತದೆ. ಮೂಗಿನ ನಳಿಕೆಯಲ್ಲಿ ಹಾಲು ಇಳಿಯುತ್ತಿರುವಾಗ ಖಾಲಿ ಚಮಚವನ್ನು ಅದರ ಕೈಗೇ ಕೊಡಿ. ಚಿಕಿತ್ಸಕರು ಒಪ್ಪಿದರೆ, ಬೆರಳ ತುದಿಯಷ್ಟು ಸರಿಯನ್ನು ತುಟಿಗೆ ಸವರಿ, ಅದಾಗಿ ನೆಕ್ಕುವವರೆಗೂ ಕಾಯಿರಿ.